ಮೂರನೇ ಕುರ್ಚಿಯವಳ ಬಲಭುಜ

“ಅಯ್ಯಯ್ಯೋ… ಸತ್ತೇ ಹೋದೆ! ಬಿಡಿ, ಬಿಡಿ, ಬಿಡಿ!”

ಆ ಕೂಗಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ನರ್ಸ್ ಕೂಡ ನಿಂತು, ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿ ಮುಂದೆ ಹೋದಳು.

“ಮೇಡಂ…” ಮಸಾಜ್ ಮಾಡಬೇಕಿದ್ದವನ ದನಿ ಬಹಳ ಮೆಲ್ಲಗಿತ್ತು. “ನಾನಿನ್ನೂ ನಿಮ್ಮನ್ನ ಮುಟ್ಟೇ ಇಲ್ಲ.”

ಅವಳು ಬಿಗಿಯಾಗಿ ಮುಚ್ಚಿಕೊಂಡಿದ್ದ ಕಣ್ಣುಗಳಲ್ಲಿ ಒಂದನ್ನು ಮಾತ್ರ ತೆರೆದಳು. ನಿಜ! ಆ ಮನುಷ್ಯ ಟೇಬಲ್ಲಿನಿಂದ ಎರಡು ಹೆಜ್ಜೆ ಆಚೆ, ಇನ್ನೂ ಎಣ್ಣೆಯ ಬಾಟಲಿಯ ಮುಚ್ಚಳವನ್ನೇ ತಿರುಗಿಸುತ್ತಾ ನಿಂತಿದ್ದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅಮ್ಮ ಬೇರೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

“ಆದ್ರೆ… ನೋವಾಯ್ತಲ್ಲ!” ಅಂದಳು, ಮಾನ ಉಳಿಸಿಕೊಳ್ಳಲು.

“ಆಗಿರುತ್ತೆ. ಸುಳ್ಳು ಅಂತ ನಾನು ಹೇಳಲ್ಲ.” ಅವನು ನಗಲಿಲ್ಲ. “ಮೂಳೆ ಕೂಡಿ ಎರಡು ವಾರ ಆಯ್ತು ಅಂತ ಡಾಕ್ಟರ್ ಬರೆದಿದ್ದಾರೆ. ಆದ್ರೆ ಆ ಸುದ್ದಿನ ನಿಮ್ಮ ಭುಜಕ್ಕೆ ಇನ್ನೂ ಯಾರೂ ಹೇಳಿಲ್ಲ. ಅದರ ಪಾಲಿಗೆ ನೀವು ಇವತ್ತೂ ಬೀಳ್ತಾನೇ ಇದ್ದೀರಿ.”

ಹೌದು, ಅವಳಿಗೆ ಹಾಗೇ ಅನ್ನಿಸುತ್ತಿತ್ತು! ಕಣ್ಣು ಮುಚ್ಚಿದರೆ ಸಾಕು, ಶಾಂಪೂ ಚೆಲ್ಲಿದ ಆ ನೆಲ, ಜಾರಿದ ಕಾಲು, ಗೋಡೆಗೆ ಬಡಿದ ಬಲ ತೋಳು… ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇವನಿಗೆ ಹೇಗೆ ಗೊತ್ತಾಯಿತು?

ಅವಳು ಕೂದಲು ಕತ್ತರಿಸುವವಳು. ಕನ್ನಡಿಗಳ ಸಾಲಿನಲ್ಲಿ ಐದು ಕುರ್ಚಿಗಳಿರುವ ಒಂದು ಸಲೂನು, ಅದರಲ್ಲಿ ಕಿಟಕಿಯ ಪಕ್ಕದ ಮೂರನೇ ಕುರ್ಚಿ ಹನ್ನೊಂದು ವರ್ಷದಿಂದ ಅವಳದು. ಗಿರಾಕಿಗಳಿಗೆ ಅವಳ ಹೆಸರಿಗಿಂತ ಕುರ್ಚಿಯ ನಂಬರೇ ಚೆನ್ನಾಗಿ ಗೊತ್ತು. ಬಾಗಿಲಲ್ಲೇ ನಿಂತು “ಮೂರನೇ ಕುರ್ಚಿ ಖಾಲಿ ಇದ್ಯಾ?” ಅಂತ ಕೇಳುವವರೇ ಹೆಚ್ಚು.

ಈಗ ಆ ಬಲಗೈ ಎದೆಯ ಮಟ್ಟದಿಂದ ಮೇಲೆ ಏಳುತ್ತಿರಲಿಲ್ಲ. ಕೂದಲು ಕತ್ತರಿಸಲು ಕೈ ಏಳಬೇಕು, ಎದ್ದ ಕೈ ಮುಕ್ಕಾಲು ಗಂಟೆ ಅಲ್ಲೇ ನಿಲ್ಲಬೇಕು. ಸಲೂನಿನ ಓನರಮ್ಮ ಒಳ್ಳೆಯವರೇ. “ನಾಲ್ಕು ತಿಂಗಳು ಆ ಕುರ್ಚಿಗೆ ಯಾರನ್ನೂ ಕೂರಿಸಲ್ಲಮ್ಮ. ಆಮೇಲೆ ನನ್ನ ಕೈಲೂ ಆಗಲ್ಲ” ಅಂದಿದ್ದರು. ಅದರಲ್ಲಿ ಎರಡು ತಿಂಗಳು ಆಗಲೇ ಮುಗಿದಿತ್ತು.

ಮೂವತ್ನಾಲ್ಕು ವರ್ಷದ ಹೆಣ್ಣಿಗೆ, ಬೇರೆ ಯಾವ ವಿದ್ಯೆಯೂ ಗೊತ್ತಿಲ್ಲದವಳಿಗೆ, ಆ ಕುರ್ಚಿ ಹೋದರೆ ಉಳಿಯುವುದೇನು? ವ್ಯಾಯಾಮ ಮಾಡಿಸುವವರು ತೋಳು ಹಿಡಿದರೆ ಸಾಕು, ಅದು ಕಲ್ಲಾಗಿಬಿಡುತ್ತಿತ್ತು. ಕೊನೆಗೆ ಡಾಕ್ಟರೇ, “ಮೊದಲು ಆ ಸ್ನಾಯುಗಳ ಬಿಗಿ ಬಿಡಿಸಿಕೊಂಡು ಬನ್ನಿ” ಅಂತ ಆಸ್ಪತ್ರೆಯ ಕೆಳಮಹಡಿಯಲ್ಲಿದ್ದ ಈ ಮಸಾಜ್ ಕೋಣೆಗೆ ಕಳಿಸಿದ್ದರು.

“ಎಡಗೈ ಕೊಡಿ” ಅಂದ ಅವನು.

“ಪೆಟ್ಟಾಗಿರೋದು ಬಲಗೈಗೆ!”

“ಗೊತ್ತು. ಬಲಗೈ ನೋಡ್ತಾ ಇರ್ಲಿ. ನಾನು ಎಂಥೋನು ಅಂತ ಅದಕ್ಕೆ ಮೊದಲು ಗೊತ್ತಾಗಲಿ.”

*ಇವನೇನು ವೈದ್ಯನೋ, ಮೋಡಿ ಮಾಡುವವನೋ?* ಅವಳು ಅನುಮಾನದಿಂದಲೇ ಎಡಗೈ ಚಾಚಿದಳು.

ಬೆಚ್ಚಗಿನ ಎಣ್ಣೆ. ಅಂಗೈಯ ನಡುವಿನಿಂದ ಬೆರಳುಗಳ ಬುಡದವರೆಗೆ ನಿಧಾನವಾಗಿ ಸರಿಯುವ ಅವನ ಹೆಬ್ಬೆರಳು. ಅವಸರವಿಲ್ಲ, ಮಾತಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವನು ಎದ್ದು ಟೇಬಲ್ಲಿನ ಈಚೆ ಬಂದು, “ಈಗ ಇದು” ಅಂತ ಬಲ ಅಂಗೈಯನ್ನು ಎತ್ತಿಕೊಂಡ.

ಅವಳು ಕೂಗಲಿಲ್ಲ. ಕೂಗಬೇಕು ಅನ್ನುವುದೇ ಮರೆತುಹೋಗಿತ್ತು.

ಅವನ ಬೆರಳು ಅವಳ ಉಂಗುರಬೆರಳಿನ ಒಳಬದಿಯಲ್ಲಿ ನಿಂತಿತು. “ಇಲ್ಲಿ ಗಟ್ಟಿ ಇದೆ. ಹೆಬ್ಬೆರಳಲ್ಲೂ ಇದೆ. ಕತ್ತರಿ ಹಿಡಿಯೋ ಕೈ ಅಲ್ವಾ?”

“ಫೈಲಲ್ಲಿ ಬರೆದಿದ್ರಾ?”

“ಇಲ್ಲ. ಇಲ್ಲಿ ಬರೆದಿದೆ” ಅಂದ, ಅಂಗೈ ತೋರಿಸಿ.

ಆ ದಿನ ಅವನು ಭುಜದ ತಂಟೆಗೇ ಹೋಗಲಿಲ್ಲ. ಮುಗಿಸಿ ಎದ್ದಾಗ ನೋಡಿದರೆ ಮೂಲೆಯಲ್ಲಿದ್ದ ಅಮ್ಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು!

“ನಿಮ್ಮ ಕೈ ನೋಡ್ತಾ ನೋಡ್ತಾನೇ ಅಮ್ಮ ನಿದ್ದೆ ಹೋದ್ರು” ಅಂದಳು ಅವಳು. ಆಗ ಮೊದಲ ಸಲ ಅವನು ನಕ್ಕ.

ಆ ರಾತ್ರಿ ಅವಳು ಬೆಳಗಿನವರೆಗೂ ಒಂದೇ ನಿದ್ದೆ ಮಾಡಿದಳು. ಎರಡು ತಿಂಗಳಲ್ಲಿ ಮೊದಲ ಸಲ!

ವಾರಕ್ಕೆ ಮೂರು ದಿನ ಹೋಗಬೇಕಿತ್ತು. ಅಮ್ಮ ಎರಡನೇ ವಾರದಿಂದ, “ನೀನೇ ಹೋಗು, ಆ ಕೋಣೇಲಿ ಕೂತ್ರೆ ನನಗೆ ಎಚ್ಚರ ಇರಲ್ಲ” ಅಂತ ಜೊತೆಗೆ ಬರುವುದನ್ನು ಬಿಟ್ಟರು.

ಅವಳೇ ಅವನಿಗೊಂದು ಅಡ್ಡಹೆಸರು ಇಟ್ಟಿದ್ದಳು, ಮೌನಿ ಅಂತ. ಕೇಳಿದಷ್ಟಕ್ಕೆ ಉತ್ತರ, ಉಳಿದಂತೆ ಕೈಗಳದೇ ಮಾತು. ಆದರೆ ಆ ಕೈಗಳು… ಅಬ್ಬಾ! ಅವುಗಳಿಗೆ ಗೊತ್ತಿಲ್ಲದ್ದೇ ಇಲ್ಲವೇನೋ ಅನ್ನಿಸುತ್ತಿತ್ತು. ಒಂದು ದಿನ ಅವನು ಕತ್ತಿನ ಬುಡದಲ್ಲಿ ಒಂದು ಗಂಟಿನ ಮೇಲೆ ಮೆಲ್ಲಗೆ ಒತ್ತಿದ. ಒತ್ತಿದ್ದು ಅಲ್ಲಿ, ಚುರುಕ್ ಅಂದಿದ್ದು ಹಣೆಯ ಪಕ್ಕದಲ್ಲಿ!

“ಇದೇ! ಇದೇ ತಲೆನೋವು!” ಅವಳು ಬೆರಗಿನಿಂದ ಏಳಲು ಹೋದಳು. “ಐದು ವರ್ಷದಿಂದ ಮಾತ್ರೆ ನುಂಗ್ತಿದ್ದೀನಿ ಇದಕ್ಕೆ!”

“ನೋವಿರೋದು ಇಲ್ಲಿ, ಕೂಗ್ತಿರೋದು ಅಲ್ಲಿ. ಮಲಗಿ.”

“ಹಾಗಾದ್ರೆ ಮಸಾಜ್‌ನಿಂದ ಎಲ್ಲಾ ಕಾಯಿಲೆನೂ ವಾಸಿ ಆಗುತ್ತಾ?”

“ಇಲ್ಲ ಮೇಡಂ. ಹಾಗೆ ಹೇಳೋರನ್ನ ನಂಬಬೇಡಿ. ರಕ್ತ ಚೆನ್ನಾಗಿ ಓಡಾಡುತ್ತೆ, ಬಿಗಿ ಸಡಿಲ ಆಗುತ್ತೆ, ನಿದ್ದೆ ಬರುತ್ತೆ. ಕೈ ಎತ್ತಬೇಕಾದೋರು ನೀವೇ. ವ್ಯಾಯಾಮ ತಪ್ಪಿಸಿದ್ರೆ ನಾನು ಏನು ಮಾಡಿದ್ರೂ ನೀರಲ್ಲಿ ಹೋಮ.”

ನಾಲ್ಕನೇ ದಿನ ಅದು ನಡೆಯಿತು. ಅವನು ಬೆನ್ನಿನ ರೆಕ್ಕೆಮೂಳೆಯ ಅಂಚಿನಲ್ಲಿ ಅಂಗೈ ಇಟ್ಟು ಸುಮ್ಮನೆ ನಿಂತಿದ್ದ, ಒತ್ತುತ್ತಲೂ ಇರಲಿಲ್ಲ. ಇದ್ದಕ್ಕಿದ್ದಂತೆ ಅವಳಿಗೆ ಅಳು ಬಂತು. ನೋವಿಗಲ್ಲ, ದುಃಖಕ್ಕೂ ಅಲ್ಲ. ಕಾರಣವೇ ಇಲ್ಲದ, ತಡೆಯಲಾಗದ ಅಳು!

ದಿನಕ್ಕೆ ಎಂಟು ತಲೆ. ಹನ್ನೊಂದು ವರ್ಷ. ಸಾವಿರಾರು ಜನರ ತಲೆ, ಕಿವಿ, ಕತ್ತು ಮುಟ್ಟಿದವಳು ಅವಳು. ಅಪ್ಪ ತೀರಿಕೊಂಡ ದಿನ ಅಮ್ಮ ತಬ್ಬಿಕೊಂಡಿದ್ದೇ ಕೊನೆ, ಆಮೇಲೆ ಅವಳನ್ನು ಪ್ರೀತಿಯಿಂದ ಮುಟ್ಟಿದವರು ಯಾರು? ಲೆಕ್ಕ ಹಾಕಲು ಹೋಗಿ ಇನ್ನಷ್ಟು ಅತ್ತಳು.

“ಕ್ಷಮಿಸಿ… ನನಗೇನಾಯ್ತೋ ಗೊತ್ತಿಲ್ಲ…”

“ಇಲ್ಲಿ ಅಳೋದು ಮಾಮೂಲಿ” ಅಂದ ಅವನು. “ನೀರು ತರ್ತೀನಿ. ನಿಧಾನಕ್ಕೆ ತರ್ತೀನಿ.”

ನೀರಿನ ಕ್ಯಾನು ಬಾಗಿಲ ಆಚೆಯೇ ಇತ್ತು. ಆದರೂ ಅವನು ಹತ್ತು ನಿಮಿಷ ಬಿಟ್ಟು ಬಂದ. ಅವಳು ಮುಖ ಒರೆಸಿಕೊಂಡು ಕುಳಿತುಕೊಳ್ಳುವಷ್ಟು ಸಮಯ ಅದು. ಪ್ರೀತಿ ಅನ್ನುವುದು ಅವಳಿಗೆ ಆಗಲೇ ಆಗಿತ್ತು ಓದುಗರೇ, ಅವಳಿಗೆ ತಿಳಿದಿರಲಿಲ್ಲ ಅಷ್ಟೇ.

ಒಂಬತ್ತನೇ ದಿನ ಕೈ ಎದ್ದಿತು!

ಅವನು ಭುಜದ ಮೇಲೆ ಕೈಯಿಟ್ಟು, “ಉಸಿರು ಬಿಡ್ತಾ ಎತ್ತಿ… ಸಾಕು ಅನ್ನಿಸಿದಲ್ಲಿ ನಿಲ್ಲಿಸಿ” ಅಂದ. ತೋಳು ಎದೆ ದಾಟಿತು, ಗಲ್ಲ ದಾಟಿತು, ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ಅವಳು ತನ್ನದೇ ಕೈಯನ್ನು ಯಾರದೋ ಕೈ ಎಂಬಂತೆ ಬಿಟ್ಟ ಕಣ್ಣಿನಿಂದ ನೋಡಿದಳು.

“ನೋಡಿ! ನೋಡಿ ಇದನ್ನ!” ಚಿಕ್ಕ ಮಗುವಿನ ಹಾಗೆ ನಕ್ಕಳು. ಆ ನಗು ಕೋಣೆಯನ್ನೆಲ್ಲಾ ತುಂಬಿತು.

ಅವನ ಮುಖ ಸಣ್ಣದಾಯಿತು. ಬೇಗನೆ ತಿರುಗಿ, ಟವೆಲ್ ಮಡಿಸಿ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದ. “ಇವತ್ತಿಗೆ ಇಷ್ಟು ಸಾಕು” ಅಂದು ಹೊರಗೆ ಹೋಗಿಬಿಟ್ಟ.

*ಖುಷಿ ಆಗಲಿಲ್ವಾ ಇವರಿಗೆ?*

ಮುಂದಿನ ಸಲ ಹೋದಾಗ ಬಾಗಿಲಲ್ಲಿ ಬೇರೆ ಯಾರೋ ನಿಂತಿದ್ದರು. ಐವತ್ತು ದಾಟಿದ, ದುಂಡು ಮುಖದ, ಗಟ್ಟಿ ತೋಳಿನ ಹೆಂಗಸು. ಅಲ್ಲಿಯ ಹಿರಿಯ ಥೆರಪಿಸ್ಟ್, ಎಲ್ಲರ ಬಾಯಲ್ಲೂ ದೊಡ್ಡಕ್ಕ.

“ಬಾಮ್ಮ. ಇವತ್ತಿಂದ ನೀನು ನನ್ನ ಟೇಬಲ್‌ಗೆ.”

“ಅವರು… ರಜಾನಾ?”

“ಇಲ್ಲಪ್ಪ, ಒಳಗೇ ಇದ್ದಾನೆ. ನಿನ್ನ ಭುಜಕ್ಕೆ ನನ್ನ ಕೈನೇ ಸರಿ ಅಂತ ಅವನೇ ಕೇಳ್ಕೊಂಡ.”

ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಏಕೆ ಅಂತೀರಾ? ಈ ಮಾತು ಅವಳಿಗೆ ಹೊಸದಲ್ಲ. ಸಲೂನಿನಲ್ಲಿ ಅವಳೇ ಎಷ್ಟು ಸಲ ಆಡಿದ್ದಳು! ತಗಾದೆ ತೆಗೆಯುವ ಗಿರಾಕಿ ಬಂದರೆ, ಏನು ಮಾಡಿದರೂ ಕೂರದ ಕೂದಲು ಸಿಕ್ಕರೆ, ಎರಡು ಸಲ ಬಾಚಣಿಗೆ ಆಡಿಸಿ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವಳ ಹಾಗೆ, “ನಿಮ್ಮ ಕೂದಲಿಗೆ ನಮ್ಮ ಎರಡನೇ ಕುರ್ಚಿಯವರ ಕೈನೇ ಸರಿ ನೋಡಿ” ಅನ್ನುವುದು. ಆ ಕಸುಬಿನಲ್ಲಿ ಬೇಡದವರನ್ನು ದಾಟಿಸುವ ರೀತಿಯೇ ಅದು. ಇಷ್ಟದವರನ್ನು ಸತ್ತರೂ ಪಕ್ಕದ ಕುರ್ಚಿಗೆ ಕೊಡುವುದಿಲ್ಲ.

*ನನ್ನನ್ನ ದಾಟಿಸಿದ್ರು… ಈ ತೋಳು ಇಷ್ಟೇ, ಇನ್ನು ಮೇಲೆ ಏಳಲ್ಲ ಅಂತ ಅವರಿಗೆ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ. ಅಥವಾ… ನನ್ನ ಅಳು, ನನ್ನ ನಗು… ನಾನೇ ಬೇಡವಾದೆನಾ?*

“ಬೇರೆ ಕೆಲಸ ಇದೆ” ಅಂತ ಏನೋ ತೊದಲಿ ಅವಳು ಹಿಂತಿರುಗಿ ನಡೆದಳು. ಮನೆ ಸೇರುವವರೆಗೂ ದಾರಿ ಮಂಜುಮಂಜಾಗಿತ್ತು.

ಆಮೇಲೆ ಹನ್ನೊಂದು ದಿನ ಅವಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ವ್ಯಾಯಾಮವನ್ನೂ ಬಿಟ್ಟಳು. ಏಳದ ಕೈಗೆ ವ್ಯಾಯಾಮ ಯಾಕೆ? ತೋಳು ದಿನದಿನಕ್ಕೆ ಕೆಳಗಿಳಿಯಿತು. ಕಣ್ಣಿನ ಮಟ್ಟದಿಂದ ಗಲ್ಲಕ್ಕೆ, ಗಲ್ಲದಿಂದ ಎದೆಗೆ.

“ಕೈ ಎತ್ತೋಕಾಗಲ್ಲ ನಿಂಗೆ, ಮೂಗಿನ ತುದಿಯ ಸಿಟ್ಟು ಮಾತ್ರ ಚೆನ್ನಾಗಿ ಏರುತ್ತೆ” ಅಂದರು ಅಮ್ಮ. “ಏನಾಯ್ತು ಅಂತಾದ್ರೂ ಬಾಯಿಬಿಟ್ಟು ಹೇಳು.”

“ಏನಿಲ್ಲ, ಬಿಡಮ್ಮ.”

“ಏನಿಲ್ದೆ ಹೀಗೆ ಮಂಕು ಬಡಿದೋರ ಹಾಗೆ ಕೂರ್ತಾರಾ? ಕುರ್ಚಿ ಕಳ್ಕೋತೀಯ ನೀನು!”

ಹೌದು, ಕಳೆದುಕೊಳ್ಳುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು.

ಹನ್ನೆರಡನೇ ದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆರೆದರೆ ದೊಡ್ಡಕ್ಕ! ಹೆಗಲಲ್ಲಿ ಚೀಲ, ಮುಖದಲ್ಲಿ ಬೆವರು, ಬಾಯಲ್ಲಿ ಬೈಗುಳ.

“ಮೂರು ಮಹಡಿ ಹತ್ತಿಸಿದ್ಯಲ್ಲೇ ನನ್ನ! ಕೂರು ಆ ಕುರ್ಚೀಲಿ. ಎಲ್ಲಿ, ತೋಳು ತೋರ್ಸು… ಅಯ್ಯೋ ಅಯ್ಯೋ, ಎದ್ದಿದ್ದನ್ನೆಲ್ಲಾ ಕೆಳಗೆ ಹಾಕ್ಕೊಂಡು ಕೂತಿದ್ದೀಯಲ್ಲ!”

ಅಮ್ಮ ಟೀ ಮಾಡಲು ಒಳಗೆ ಹೋದರು. ದೊಡ್ಡಕ್ಕನ ಬೆರಳುಗಳು ಭುಜವನ್ನು ಹುಡುಕುತ್ತಿದ್ದಂತೆ ಅವಳ ಕಣ್ಣು ತುಂಬಿತು.

“ಸುಮ್ನೆ ಯಾಕೆ ಕಷ್ಟ ಪಡ್ತೀರಾ ದೊಡ್ಡಕ್ಕ? ಇದು ವಾಸಿ ಆಗಲ್ಲ ಅಂತ ತಾನೇ ಅವರು ಕೈ ತೊಳ್ಕೊಂಡಿದ್ದು? ನಾವೂ ಹೀಗೇ ಮಾಡೋದು. ಬೇಡದ ತಲೆ ಬಂದ್ರೆ ಪಕ್ಕದ ಕುರ್ಚಿಗೆ ದಾಟಿಸ್ತೀವಿ. ಅವರದ್ದೇ ಕೈ ಸರಿ, ನಮ್ಮದಲ್ಲ ಅಂತೀವಿ. ನನಗೆ ಅರ್ಥ ಆಗುತ್ತೆ.”

ದೊಡ್ಡಕ್ಕನ ಕೈ ನಿಂತಿತು. ಅವಳ ಮುಖವನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅಯ್ಯೋ ಹುಚ್ಚಿ! ನಿಮ್ಮ ಕತ್ತರಿ ಕಾನೂನು ತಂದು ನಮ್ಮ ಕೋಣೆಗೆ ಹಚ್ಚಿದ್ಯಾ? ನಮ್ಮಲ್ಲಿ ಬೇಡದೋರನ್ನ ದಾಟಿಸೋ ಹಾಗೇ ಇಲ್ಲ ಕಣಮ್ಮ. ಬೈಯೋರು, ಬೆವರೋರು, ಏಳು ವರ್ಷ ಆದ್ರೂ ವಾಸಿ ಆಗದೋರು, ಎಲ್ಲಾರೂ ನಮ್ಮೋರೇ. ಅವನ ಟೇಬಲ್ಲಲ್ಲಿ ಅವನಿಗೇ ಕಾಲಲ್ಲಿ ಒದೆಯೋ ತಾತ ಒಬ್ಬ ಇದ್ದಾನೆ, ನಾಲ್ಕು ವರ್ಷದಿಂದ! ಆ ತಾತನ್ನೇ ಬಿಟ್ಟುಕೊಟ್ಟಿಲ್ಲ.”

“ಮತ್ತೆ ನನ್ನನ್ನ…?”

“ನಾವು ಟೇಬಲ್ ಬದಲಾಯಿಸೋದು ಒಂದೇ ಒಂದು ಕಾರಣಕ್ಕೆ.” ದೊಡ್ಡಕ್ಕ ನಗು ನಿಲ್ಲಿಸಿದರು. “ಮುಟ್ಟೋ ಕೈಲಿ ಬರೀ ಕೆಲಸ ಇರಬೇಕು. ಕೈ ಜೊತೆ ಮನಸ್ಸೂ ಬಂದುಬಿಟ್ರೆ, ಆ ಕೈನ ಅವತ್ತೇ ತೆಗೀಬೇಕು. ನಮ್ಮನ್ನ ನಂಬಿ ಕಣ್ಣು ಮುಚ್ಚಿ ಮಲಗಿರ್ತಾರಲ್ಲ ಜನ, ಅವರಿಗೆ ಮೋಸ ಮಾಡಬಾರದು. ನಾನೇ ಕಲಿಸಿದ್ದು ಅವನಿಗೆ. ಹತ್ತು ವರ್ಷದಲ್ಲಿ ಅವನು ದಾಟಿಸಿದ್ದು ನಿನ್ನೊಬ್ಬಳನ್ನೇ.”

ಅಡುಗೆಮನೆಯಲ್ಲಿ ಏನೋ ಠಣ್ ಅಂತ ಬಿದ್ದಿತು. “ಅಂದ್ರೆ ಏನು?!” ಅಂತ ಅಮ್ಮ ಒಳಗಿನಿಂದಲೇ ಕೂಗಿದರು.

ಜಗತ್ತಿನಲ್ಲಿ ಹೀಗೂ ಇರುತ್ತದೆಯೇ? ಪ್ರೀತಿಸಿದವರು ಹತ್ತಿರ ಬರಲು ದಾರಿ ಹುಡುಕುವುದನ್ನು ಅವಳು ನೋಡಿದ್ದಳು. ಪ್ರೀತಿ ಆಯಿತು ಅಂತ ತಿಳಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು ನಿಂತ ಮನುಷ್ಯನನ್ನು ನೋಡಿರಲಿಲ್ಲ.

“ಈಗಲೇ ಹೋಗಿ ಅವರ ಹತ್ರ ಮಾತಾಡ್ತೀನಿ” ಅಂತ ಎದ್ದಳು.

“ಕೂರು!” ದೊಡ್ಡಕ್ಕ ಗದರಿದರು. “ನೀನಿನ್ನೂ ನಮ್ಮ ಪೇಷೆಂಟು. ಇವತ್ತು ನೀನು ಹೋಗಿ ನಿಂತ್ರೆ ಅವನು ತಲೆ ಎತ್ತಲ್ಲ. ಮೊದಲು ಕೈ ಎತ್ತು.”

ಅವಳು ಕೈ ಎತ್ತಿದಳು. ಅವತ್ತು ಎದೆಯವರೆಗೆ. ವಾರ ಕಳೆದು ಗಲ್ಲದವರೆಗೆ. ಬೆಳಿಗ್ಗೆ ಗೋಡೆಗೆ ಬೆರಳಿಟ್ಟು ಹತ್ತಿಸುವ ವ್ಯಾಯಾಮ, ಸಂಜೆ ದೊಡ್ಡಕ್ಕನ ಟೇಬಲ್ಲು. ಹಲ್ಲು ಕಚ್ಚಿ ಹಿಡಿದ ಹಟ. ಕಾರಿಡಾರಿನಲ್ಲಿ ಎದುರಾದಾಗ ಅವನು ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. ಅವಳು, “ಚೆನ್ನಾಗಿದ್ದೀರಾ?” ಅಂದರೆ, “ಹ್ಞೂಂ… ಕೈ?” ಅನ್ನುತ್ತಿದ್ದ. ಅಷ್ಟೇ. ಆ ಎರಡು ಮಾತಿಗೇ ಅವಳ ದಿನವೆಲ್ಲಾ ಹಗುರವಾಗುತ್ತಿತ್ತು.

ಓನರಮ್ಮ ಕೊಟ್ಟ ಗಡುವಿಗೆ ನಾಲ್ಕು ದಿನ ಬಾಕಿ ಇರುವಾಗ ಡಾಕ್ಟರ್ ಅವಳ ಫೈಲ್ ಮುಚ್ಚಿ ಸಹಿ ಹಾಕಿದರು. ಅವಳು ನೇರ ಕೆಳಮಹಡಿಗೆ ಇಳಿದು ಅವನ ಬಾಗಿಲಲ್ಲಿ ನಿಂತಳು.

“ನಾನಿನ್ನು ಇಲ್ಲಿನ ಪೇಷೆಂಟ್ ಅಲ್ಲ.”

“ಗೊತ್ತು” ಅಂದ ಅವನು, ನೆಲ ನೋಡುತ್ತಾ. “ದೊಡ್ಡಕ್ಕ ಹೇಳಿದ್ರು.”

“ನಾಳೆ ಹತ್ತು ಗಂಟೆಗೆ ಓನರಮ್ಮನ ಮುಂದೆ ನಾನೊಂದು ಪೂರ್ತಿ ಕಟಿಂಗ್ ಮಾಡಿ ತೋರಿಸಬೇಕು. ಕೈ ಮಧ್ಯದಲ್ಲಿ ಇಳಿದ್ರೆ ಕುರ್ಚಿ ಹೋಯ್ತು. ನನಗೊಂದು ತಲೆ ಬೇಕು.” ಅವಳು ಒಂದು ಹೆಜ್ಜೆ ಒಳಗಿಟ್ಟಳು. “ನಿಮ್ಮದು ಕೊಡ್ತೀರಾ?”

ಅವನು ಬಂದ. ಹತ್ತಕ್ಕೆ ಐದು ನಿಮಿಷ ಇರುವಾಗಲೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಮೂರನೇ ಕುರ್ಚಿಯಲ್ಲಿ ಕುಳಿತ. ಓನರಮ್ಮ ಕೌಂಟರಿನ ಹಿಂದೆ ಕನ್ನಡಕ ಏರಿಸಿಕೊಂಡರು. ಅವಳು ಬಿಳಿ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಅವನ ಕೂದಲಿನಲ್ಲಿ ಬೆರಳಿಟ್ಟಳು.

ಅವನು ಬೆಚ್ಚಿದ. ಕನ್ನಡಿಯಲ್ಲಿ ಅವಳು ನೋಡಿದಳು. ಊರಿಗೆಲ್ಲಾ ಮಸಾಜ್ ಮಾಡಿದವನಿಗೆ ತನ್ನ ತಲೆಯ ಮೇಲೊಂದು ಕೈ ಹೊಸದಾಗಿತ್ತು.

ಕತ್ತರಿ ಶುರುವಾಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಇಪ್ಪತ್ತೈದಕ್ಕೆ ತೋಳು ಸಣ್ಣಗೆ ನಡುಗತೊಡಗಿತು. ಅವಳ ಹಣೆಯಲ್ಲಿ ಬೆವರು. ಕೌಂಟರಿನಿಂದ ಓನರಮ್ಮ ಮುಂದಕ್ಕೆ ಬಾಗಿದರು.

ಅವನು ತಿರುಗಲಿಲ್ಲ. ಕನ್ನಡಿಯಲ್ಲಿ ಅವಳ ಭುಜವನ್ನೇ ನೋಡುತ್ತಾ ಮೆಲ್ಲಗೆ ಅಂದ, “ಕತ್ತು ಬಿಗಿ ಮಾಡ್ಕೊಂಡಿದ್ದೀರಿ. ಉಸಿರು ಬಿಡಿ. ಅದು ಬೀಳ್ತಿಲ್ಲ, ನಿಂತಿದೆ.”

ಅವಳು ಉಸಿರು ಬಿಟ್ಟಳು. ತೋಳು ನಿಂತಿತು! ನಡುಕ ತಾನಾಗಿಯೇ ಇಳಿಯಿತು. ಒಂದೂ ಬೆರಳು ತಾಗಿಸದೆ, ಬರೀ ಮಾತಿನಿಂದ!

ಕತ್ತರಿ ಮತ್ತೆ ಓಡಿತು. ಸಲೂನಿನಲ್ಲಿ ಒಂದು ವಿಚಿತ್ರವಿದೆ. ಎದುರೆದುರು ಆಡಲಾಗದ ಮಾತನ್ನು ಜನ ಕನ್ನಡಿಗೆ ಆಡಿಬಿಡುತ್ತಾರೆ. ಅವಳು ಹನ್ನೊಂದು ವರ್ಷ ಅದನ್ನು ಕೇಳಿಸಿಕೊಂಡವಳು. ಇಂದು ತಾನೇ ಕನ್ನಡಿಗೆ ಕೇಳಿದಳು.

“ಯಾವತ್ತು ಗೊತ್ತಾಯ್ತು ನಿಮಗೆ?”

ಅವನು ಮಡಿಲ ಮೇಲಿನ ಬಿಳಿ ಬಟ್ಟೆಯತ್ತ ನೋಡಿದ. “ಕೈ ಎದ್ದು ನೀವು ನಕ್ಕಿರಲ್ಲ… ಅವತ್ತು. ಕೆಲಸ ಮುಗಿದಿತ್ತು. ನನ್ನ ಕೈ ಇನ್ನೂ ನಿಮ್ಮ ಭುಜದ ಮೇಲಿತ್ತು. ತೆಗೀಬೇಕು ಅನ್ನಿಸಲಿಲ್ಲ.”

“ಎಷ್ಟು ಹೊತ್ತು?”

“ಒಂದು ಉಸಿರಿನಷ್ಟು.”

“ಅಷ್ಟಕ್ಕೇ ನನ್ನನ್ನ ದಾಟಿಸಿದ್ರಾ?”

“ಅದು ನಿಮಗೆ ಗೊತ್ತಿಲ್ದೆ ತಗೊಂಡ ಉಸಿರು. ಕಳ್ಳತನ ಅಲ್ವಾ?” ಈಗ ಅವನ ಕಣ್ಣು ನೇರವಾಗಿ ಅವಳ ಕಣ್ಣಿಗೆ ಸಿಕ್ಕಿತು. “ನಿಮ್ಮನ್ನ ತುಂಬಾ ಪ್ರೀತಿಸ್ತೀನಿ. ನೀವು ಎದ್ದು ನಿಂತಿರುವಾಗ, ಕಣ್ಣು ತೆರೆದಿರುವಾಗ ಹೇಳ್ಬೇಕಿತ್ತು. ಅದಕ್ಕೇ ಕಾದೆ.”

ಅವಳಿಗೆ ಕನ್ನಡಿ ಮಸುಕಾಯಿತು. ಕೊನೆಯ ಎಳೆ ಕತ್ತರಿಸಿ, ಕತ್ತರಿಯನ್ನು ಕೆಳಗಿಟ್ಟಳು. ಗಡಿಯಾರದಲ್ಲಿ ನಲವತ್ತೆಂಟು ನಿಮಿಷ ಆಗಿತ್ತು. ಓನರಮ್ಮ ಮೂಗು ಒರೆಸಿಕೊಳ್ಳುತ್ತಾ ಕ್ಯಾಲೆಂಡರಿನ ಗಡುವಿನ ಹಾಳೆಯನ್ನು ಹರಿದರು.

ಅವಳ ಬಲಗೈ ಮಾತ್ರ ಅವನ ತಲೆಯ ಮೇಲೇ ಇತ್ತು.

“ಕಟಿಂಗ್ ಮುಗೀತಾ?” ಅವನು ಪಿಸುಗುಟ್ಟಿದ.

“ಆಗಲೇ ಮುಗೀತು.”

“ಮತ್ತೆ… ಕೈ?”

“ತೆಗೀಬೇಕು ಅನ್ನಿಸ್ತಿಲ್ಲ” ಅಂದಳು ಅವಳು. “ಹೇಳಿಯೇ ಇಟ್ಕೊಂಡಿದ್ದೀನಿ, ಕಳ್ಳತನ ಅಲ್ಲ.”